ಮ್ಯಾನೇಜರ್ ಬದಲು ಎಐ: ಯಾವ ವ್ಯಾಪಾರದಲ್ಲಿ ಎಷ್ಟು ಬಿಟ್ಟುಕೊಡಬಹುದು?

ಮೈಸೂರಿನಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಈಚೆಗೆ ಜಿಎಸ್‌ಟಿ ಮಾತು ಮುಗಿದ ಕೂಡಲೇ ಇನ್ನೊಂದು ಮಾತು ಶುರುವಾಗುತ್ತದೆ. "ನಂಬಿಕಸ್ಥ ಮ್ಯಾನೇಜರ್ ಸಿಗ್ತಾ ಇಲ್ಲ ಸಾರ್. ಸಿಕ್ಕಿದವರು ಕೆಲಸ ಕಲಿತು ಬೆಂಗಳೂರಿಗೆ ಹೋಗ್ತಾರೆ. ಈ ಎಐಗೇ ಎಲ್ಲಾ ವಹಿಸಿಬಿಟ್ಟರೆ ಹೇಗೆ?" ಗೋಕುಲಂನ ಹೋಮ್‌ಸ್ಟೇಯವರು ಕೇಳುತ್ತಾರೆ, ಸಂತೇಪೇಟೆಯ ದಿನಸಿ ಹೋಲ್‌ಸೇಲ್‌ನವರು ಕೇಳುತ್ತಾರೆ, ಮಂಡ್ಯದ ಬೆಲ್ಲದ ಮಂಡಿಯವರೂ ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ವಹಿಸುವುದು ಈಗಿನ ಮಟ್ಟಿಗೆ ಬೇಡ. ಹೆಚ್ಚಿನವರಿಗೆ ಒಗ್ಗುವುದು ಎಐ ಕೆಲಸ ತಯಾರು ಮಾಡಿ, ಮನುಷ್ಯ ಒಪ್ಪಿಗೆ ಕೊಡುವ ಕ್ರಮ. ಕೆಲವರಿಗಂತೂ ಎಐಯೇ ಬೇಕಿಲ್ಲ, ಒಂದು ನೆಟ್ಟಗಿನ ಬಿಲ್ಲಿಂಗ್ ಸಾಫ್ಟ್‌ವೇರ್ ಸಾಕು. ಯಾರಿಗೆ ಯಾವುದು ಎಂದು ತೂಗಿ ನೋಡಲು ನಾನು ಕೇಳುವುದು ಎರಡೇ ಪ್ರಶ್ನೆ. ಒಂದು ತೀರ್ಮಾನ ತಪ್ಪಾದರೆ ಅದನ್ನು ಸಂಜೆಯೊಳಗೆ ವಾಪಸ್ ಪಡೆಯಲು ಆಗುತ್ತದಾ? ಆಗದಿದ್ದರೆ ಅದಕ್ಕೆ ಉತ್ತರ ಕೊಡಲು ಯಾರು ಬಂದು ನಿಲ್ಲುತ್ತಾರೆ?

ನಿಜವಾಗಿ ಯಾರಾದರೂ ಮಾಡಿ ನೋಡಿದ್ದಾರಾ?

ನೋಡಿದ್ದಾರೆ. ಕ್ಲಾಡ್ ಎಂಬ ಎಐ ತಯಾರಿಸುವ ಆಂಥ್ರೊಪಿಕ್ ಕಂಪನಿ, ಎಐಗಳನ್ನು ಪರೀಕ್ಷಿಸುವ ಆಂಡನ್ ಲ್ಯಾಬ್ಸ್ ಜೊತೆ ಸೇರಿ, 2025ರ ಮಾರ್ಚ್-ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಆಫೀಸಿನಲ್ಲೇ ಒಂದು ಪುಟ್ಟ ಅಂಗಡಿ ಇಟ್ಟಿತು. ಒಂದು ಸಣ್ಣ ಫ್ರಿಜ್, ಅದರ ಮೇಲೆ ಬುಟ್ಟಿಗಳು, ದುಡ್ಡು ಕಟ್ಟಲು ಒಂದು ಐಪ್ಯಾಡ್. ಏನು ತರಿಸಬೇಕು, ಎಷ್ಟಕ್ಕೆ ಮಾರಬೇಕು, ಗಿರಾಕಿ ಹತ್ತಿರ ಏನು ಮಾತಾಡಬೇಕು, ಎಲ್ಲಾ ಕ್ಲಾಡ್‌ನದೇ ತೀರ್ಮಾನ. ಸಾಮಾನು ಎತ್ತಿಡಲು ಮಾತ್ರ ಮನುಷ್ಯರು.

ನಷ್ಟವಾಯಿತು. ಆದರೆ ನಷ್ಟ ಆದ ಬಗೆ ನೋಡಬೇಕು. 15 ಡಾಲರ್‌ಗೆ ಸಿಗುವ ಒಂದು ಸ್ಕಾಟಿಷ್ ತಂಪು ಪಾನೀಯದ ಆರು ಕ್ಯಾನಿಗೆ ಒಬ್ಬರು 100 ಡಾಲರ್ ಕೊಡುತ್ತೇನೆ ಎಂದರು. ಮುಂದೆ ನೋಡೋಣ ಎಂಬಂತೆ ಹೇಳಿ ಅದು ಸುಮ್ಮನಾಯಿತು. ಯಾರೋ ತಮಾಷೆಗೆ ಟಂಗ್‌ಸ್ಟನ್ ಲೋಹದ ಗಟ್ಟಿ ಕೇಳಿದರೆ ಅದನ್ನು ತರಿಸಿ, ಕೊಂಡ ಬೆಲೆಗಿಂತ ಕಡಿಮೆಗೆ ಮಾರಿತು. ಆಫೀಸಿನ ಇನ್ನೊಂದು ಫ್ರಿಜ್‌ನಲ್ಲಿ ಪುಕ್ಕಟೆ ಸಿಗುವ ಕೋಕ್ ಝೀರೋಗೆ 3 ಡಾಲರ್ ಬೆಲೆ ಇಟ್ಟಿತು. ಸಿಬ್ಬಂದಿಗೆ ಶೇ 25 ರಿಯಾಯಿತಿ ಕೊಟ್ಟಿತು. ನಿನ್ನ ಗಿರಾಕಿಗಳಲ್ಲಿ ಶೇ 99 ಮಂದಿ ಸಿಬ್ಬಂದಿಯೇ ಅಲ್ವಾ ಎಂದು ಒಬ್ಬರು ತಿಳಿಸಿ ಹೇಳಿದ ಮೇಲೆ ನಿಲ್ಲಿಸುತ್ತೇನೆ ಎಂದಿತು. ಕೆಲವೇ ದಿನಗಳಲ್ಲಿ ಮತ್ತೆ ರಿಯಾಯಿತಿ ಶುರು. ಇಲ್ಲದ ಖಾತೆಯ ವಿವರ ಕೊಟ್ಟು ಅದಕ್ಕೆ ದುಡ್ಡು ಹಾಕಿ ಎಂದದ್ದೂ ಉಂಟು. ಏಪ್ರಿಲ್ 1ರಂದಂತೂ, ನೀಲಿ ಕೋಟು ಕೆಂಪು ಟೈ ಹಾಕಿಕೊಂಡು ನಾನೇ ಬಂದು ಸಾಮಾನು ತಲುಪಿಸುತ್ತೇನೆ ಎಂದಿತು!

ಅದೇ ವರ್ಷದ ಕೊನೆಗೆ ಎರಡನೇ ಸುತ್ತಿನ ವಿವರ ಹೊರಬಂತು. ಈ ಸಲ ಹೊಸ ಮಾದರಿಯ ಎಐ, ಅದರ ಮೇಲೆ ಸಿಇಒ ಆಗಿ ಇನ್ನೊಂದು ಎಐ. ವ್ಯಾಪಾರ ಬಹಳ ಸುಧಾರಿಸಿತು. ಆದರೆ ಆ ಸಿಇಒನಿಂದ ಆದ ಉಪಯೋಗ ಅಷ್ಟಕ್ಕಷ್ಟೆ. ಕೆಲಸಕ್ಕೆ ಬಂದದ್ದು ಕಟ್ಟುಪಾಡುಗಳು. ಗಿರಾಕಿಗೆ ಬೆಲೆ ಹೇಳುವ ಮೊದಲು ಕೊಳ್ಳುವ ದರವನ್ನೂ ಮಾಲು ತಲುಪುವ ದಿನವನ್ನೂ ಎರಡೆರಡು ಸಲ ನೋಡಲೇಬೇಕು ಎಂಬಂಥವು. ಇಷ್ಟಾದರೂ ಒಬ್ಬರು ಜನವರಿಯಲ್ಲಿ ಬೇಕಾಗುವ ಈರುಳ್ಳಿಗೆ ಈಗಲೇ ಬೆಲೆ ಗೊತ್ತು ಮಾಡೋಣ ಎಂದಾಗ ಎರಡೂ ಎಐಗಳು ತಯಾರಾಗಿ ನಿಂತವು. ಅಮೆರಿಕದಲ್ಲಿ ಈರುಳ್ಳಿಯ ವಾಯಿದೆ ವ್ಯಾಪಾರವನ್ನು 1958ರಲ್ಲೇ ಕಾಯ್ದೆ ತಂದು ನಿಲ್ಲಿಸಿದ್ದಾರೆ. ಅದನ್ನು ನೆನಪಿಸಿದ್ದು ಅಲ್ಲಿನ ಒಬ್ಬ ಉದ್ಯೋಗಿ.

ದಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಆಫೀಸಿನಲ್ಲಿ ಇದೇ ಕ್ಲಾಡ್ ನಡೆಸಿದ ಮಾರಾಟ ಯಂತ್ರದ ಕಥೆ ಇನ್ನೂ ಮಜಾ. ಪತ್ರಕರ್ತರು ಮಾತಿನಲ್ಲೇ ಅದನ್ನು ಬಗ್ಗಿಸಿ ಎಲ್ಲದರ ಬೆಲೆ ಸೊನ್ನೆಗೆ ಇಳಿಸಿದರು. ಕಂಪನಿಯ ಆಡಳಿತ ಮಂಡಳಿಯದು ಎಂದು ಸುಳ್ಳು ಕಾಗದ ತೋರಿಸಿದರೆ ಅದನ್ನೂ ನಂಬಿತು. ಒಂದು ಪ್ಲೇಸ್ಟೇಷನ್ ಪುಕ್ಕಟೆ ಹೋಯಿತು, ನಷ್ಟ 1,000 ಡಾಲರ್ ದಾಟಿತು.

ಇದರಲ್ಲಿ ಎಲ್ಲೂ ಕೂಡುವ ಕಳೆಯುವ ಲೆಕ್ಕದ ತೊಂದರೆ ಕಾಣುವುದಿಲ್ಲ. ಎದುರಿಗಿರುವವರಿಗೆ 'ಆಗಲ್ಲ' ಎನ್ನಲು ಬಾರದ್ದೇ ದೊಡ್ಡ ತೊಂದರೆ. ದೇವರಾಜ ಮಾರ್ಕೆಟ್‌ನಲ್ಲಿ ಚೌಕಾಸಿ ಕಲಿತ ಊರು ನಮ್ಮದು. ನಮ್ಮ ಗಿರಾಕಿಗಳ ಕೈಗೆ ಇಂಥದ್ದು ಸಿಕ್ಕಿದರೆ ವಾರದಲ್ಲಿ ಅಂಗಡಿ ಖಾಲಿ.

ಅಂಗಡಿಯಲ್ಲದೆ ಆಫೀಸ್ ಕೆಲಸದಲ್ಲೂ ಪರೀಕ್ಷೆ ನಡೆದಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಒಂದು ನಕಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿ, ಎಐಗಳಿಗೆ 175 ಕೆಲಸ ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಮೊದಲು ಪ್ರಕಟಿಸಿದಾಗ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಎಐ ಪೂರ್ತಿ ಮುಗಿಸಿದ್ದು ಶೇ 24 ಕೆಲಸ ಮಾತ್ರ. ಆಮೇಲೆ ಬಂದ ಮಾದರಿಗಳು ಇನ್ನೂ ಚುರುಕು, ನಿಜ. ಆದರೂ ಅರ್ಧಕ್ಕೆ ಬಿಟ್ಟ ಕೆಲಸವನ್ನು ಹುಡುಕಿ ಮುಗಿಸಲು ಒಬ್ಬರು ಇರಲೇಬೇಕು ಅನ್ನುವುದು ಬದಲಾಗಿಲ್ಲ.

ಕಾನೂನು ಯಾರ ಹೆಸರು ಕೇಳುತ್ತದೆ

ನಮ್ಮ 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ಡೈರೆಕ್ಟರ್‌ಗಳು ವ್ಯಕ್ತಿಗಳೇ ಆಗಿರಬೇಕು. ಪ್ರೈವೇಟ್ ಲಿಮಿಟೆಡ್ ಆದರೆ ಕನಿಷ್ಠ ಇಬ್ಬರು, ಒಬ್ಬರದೇ ಕಂಪನಿಯಾದರೆ ಒಬ್ಬರು. ಅವರಲ್ಲಿ ಒಬ್ಬರಾದರೂ ವರ್ಷಕ್ಕೆ 182 ದಿನ ಭಾರತದಲ್ಲಿ ಇರಬೇಕು. ಎಐ ಯಾವ ಲೆಕ್ಕಕ್ಕೂ ಬರುವುದಿಲ್ಲ. ಚೀನಾದ ನೆಟ್‌ಡ್ರ್ಯಾಗನ್ ಕಂಪನಿ 2022ರಲ್ಲಿ ತನ್ನ ಒಂದು ಅಂಗಸಂಸ್ಥೆಗೆ ಟಾಂಗ್ ಯು ಎಂಬ ಎಐಯನ್ನು ಸಿಇಒ ಮಾಡಿತು ಎಂದು ಸುದ್ದಿಯಾಗಿತ್ತು, ಅದನ್ನು ಜಾಹೀರಾತು ಎಂದು ಓದಿಕೊಂಡರೆ ಸಾಕು.

ನಮ್ಮಲ್ಲಿ ಹೆಚ್ಚಿನವರದು ಸ್ವಂತ ಹೆಸರಿನ ಅಂಗಡಿ ಅಥವಾ ಪಾಲುದಾರಿಕೆ. ಅಲ್ಲಿ ಜವಾಬ್ದಾರಿ ನೇರವಾಗಿ ನಿಮ್ಮ ತಲೆಗೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ನೀವು ತಾನಾಗಿ ನಡೆಯಲೆಂದು ಹೊಂದಿಸಿಟ್ಟ ಕಂಪ್ಯೂಟರ್ ವ್ಯವಸ್ಥೆ ಕಳಿಸಿದ ಸಂದೇಶ, ನೀವೇ ಕಳಿಸಿದಂತೆ. ರಾತ್ರಿ ಎರಡು ಗಂಟೆಗೆ ನಿಮ್ಮ ಎಐ ಅರ್ಧ ಬೆಲೆಗೆ ಕೊಡುತ್ತೇನೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದರೆ, ನಾನು ಮಲಗಿದ್ದೆ ಎನ್ನುವುದು ಉತ್ತರ ಆಗುವುದಿಲ್ಲ. ಕೆನಡಾದಲ್ಲಿ ಏರ್ ಕೆನಡಾ ಇದನ್ನೇ ವಾದಿಸಿ ಸೋತಿತು. ಸಾವಿನ ಸಂದರ್ಭದ ರಿಯಾಯಿತಿ ಟಿಕೆಟ್ ಬಗ್ಗೆ ಅದರ ಚಾಟ್‌ಬಾಟ್ ತಪ್ಪು ಹೇಳಿತ್ತು. ಚಾಟ್‌ಬಾಟ್ ಬೇರೆಯೇ, ಅದರ ಮಾತಿಗೆ ಅದೇ ಹೊಣೆ ಎಂದು ಕಂಪನಿ ವಾದಿಸಿತು. ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ಫೆಬ್ರುವರಿಯಲ್ಲಿ ಪ್ರಯಾಣಿಕನಿಗೆ ಸುಮಾರು 812 ಕೆನಡಿಯನ್ ಡಾಲರ್ ಕೊಡಲು ಆದೇಶವಾಯಿತು.

2025ರ ಜುಲೈ ನಿಮಗೆ ನೆನಪಿರಬೇಕು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಯಿತು. ತರಕಾರಿ, ಹಾಲು ಮಾರುವವರಿಗೂ ನೋಟಿಸ್ ಬಂದಿತ್ತು. ಇದು ತೆರಿಗೆ ಇಲ್ಲದ ಮಾಲು, ಇಗೋ ಖರೀದಿ ಬಿಲ್ಲು ಎಂದು ತೋರಿಸಲು ಪುಸ್ತಕ ಹಿಡಿದು ಮನುಷ್ಯರೇ ಹೋಗಬೇಕಾಯಿತು.

ಹಾಗೆ ನೋಡಿದರೆ ಮ್ಯಾನೇಜರ್ ಇಲ್ಲದ ಕೆಲಸ ಮೈಸೂರಿಗೆ ಹೊಸದೇನಲ್ಲ. ಊಟ ತಲುಪಿಸುವ ಹುಡುಗರು ವರ್ಷಗಳಿಂದ ಆ್ಯಪ್ ಹೇಳಿದಂತೆ ಓಡುತ್ತಿದ್ದಾರೆ. ಯಾರಿಗೆ ಯಾವ ಆರ್ಡರ್ ಎಂದು ಹಂಚುವುದನ್ನು ಆ್ಯಪ್ ಚೆನ್ನಾಗಿಯೇ ಮಾಡುತ್ತದೆ. ಐಡಿ ಬ್ಲಾಕ್ ಆದಾಗ ಯಾಕೆ ಎಂದು ಕೇಳಲು ಜನ ಸಿಗುವುದಿಲ್ಲ, ಅವರ ದೂರು ಅದು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಾಗ ಈ ನೋವಿಗೂ ಜಾಗ ಕೊಟ್ಟಿತು. ತಾನಾಗಿ ನಡೆಯುವ ವ್ಯವಸ್ಥೆ ಯಾವ ಆಧಾರದಲ್ಲಿ ತೀರ್ಮಾನ ಮಾಡುತ್ತದೆ ಎಂದು ಕೆಲಸಗಾರರಿಗೆ ತಿಳಿಸಬೇಕು, ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನ ಮೊದಲು ನೋಟಿಸ್ ಕೊಡಬೇಕು. ಇದು ಪ್ಲ್ಯಾಟ್‌ಫಾರ್ಮ್ ಕಂಪನಿಗಳಿಗೆ ಇರುವ ಕಾಯ್ದೆ, ನಿಮ್ಮ ಅಂಗಡಿಗೆ ಅಲ್ಲ. ಆದರೂ ನಿಮ್ಮ ಕೆಲಸದವರ ಹಾಜರಿ, ಸಂಬಳ, ರಜೆಯನ್ನು ಎಐ ಕೈಗೆ ಕೊಡುವ ಮೊದಲು ಆ ಹುಡುಗರನ್ನು ಒಮ್ಮೆ ಮಾತಾಡಿಸಿ.

ನಾಲ್ಕು ದಾರಿ

ಮೊದಲನೆಯದು, ಎಲ್ಲಾ ಎಐ ಕೈಗೆ. ತಪ್ಪಿದರೆ ನೂರಿನ್ನೂರು ರೂಪಾಯಿ ಹೋಗುವ, ಮಾಲು ಕೆಡದ, ಜನರ ಕೆಲಸಕ್ಕೆ ತಟ್ಟದ ಜಾಗಕ್ಕೆ ಮಾತ್ರ. ಫೋನ್ ಕವರ್‌ನಂಥ ಸಣ್ಣ ಆನ್‌ಲೈನ್ ಮಾರಾಟ, ಮುದ್ರಿಸಿ ಕಳಿಸುವ ಟೀಶರ್ಟ್, ಇಷ್ಟೇ. ಕಲಿಯಲು ಒಳ್ಳೆಯದು, ಅನ್ನ ಹುಟ್ಟುವ ಮುಖ್ಯ ವ್ಯಾಪಾರಕ್ಕೆ ಬೇಡ.

ಎರಡನೆಯದು ಎಐ ಕರಡು ಮಾಡುವುದು, ನೀವು ಒಪ್ಪುವುದು. ಆರ್ಡರ್ ಪಟ್ಟಿ, ಬೆಲೆ, ಗಿರಾಕಿಗೆ ಉತ್ತರ, ಎಲ್ಲಾ ತಯಾರಾಗಿ ಬರುತ್ತದೆ, ನೀವು ಸರಿ ಎಂದರೆ ಹೋಗುತ್ತದೆ. ಮಾಲೀಕರೇ ದಿನಾ ಅಂಗಡಿಗೆ ಬರುವವರಾದರೆ ಇದೇ ಒಳ್ಳೆಯದು. ಇದಕ್ಕೆ ಒಂದು ರೋಗವಿದೆ. ಮೊದಲ ತಿಂಗಳು ಓದಿ ಒಪ್ಪುತ್ತೀರಿ, ಆಮೇಲೆ ಓದದೆ ಒಪ್ಪುತ್ತೀರಿ. ಹೀಗಾಗಿ ಸಣ್ಣವನ್ನು ತಾನೇ ಮಾಡಲು ಬಿಟ್ಟು, ಇಂತಿಷ್ಟು ರೂಪಾಯಿಗಿಂತ ಜಾಸ್ತಿ ಇದ್ದದ್ದು ಮಾತ್ರ ನಿಮ್ಮ ಮುಂದೆ ಬರುವಂತೆ ಮಾಡಿಕೊಳ್ಳಿ. ದಿನಕ್ಕೆ ಎಂಟು ಹತ್ತು ಬಂದರೆ ಓದುತ್ತೀರಿ. ನೂರು ಬಂದರೆ ಯಾರೂ ಓದುವುದಿಲ್ಲ.

ಮೂರನೆಯದು, ಮ್ಯಾನೇಜರ್ ಇರಲಿ, ಎಐ ಅವರ ಕೈಕೆಳಗೆ ಇರಲಿ. ಜನ, ಸಾಲ, ಅಡುಗೆಮನೆ ಇರುವ ವ್ಯಾಪಾರಕ್ಕೆ ಇದು. ಖರ್ಚು ಉಳಿಯುವುದಿಲ್ಲ, ಮೇಲೆ ಸ್ವಲ್ಪ ಬೀಳುತ್ತದೆ. ಆದರೆ ಸಂಜೆ ಎರಡು ಗಂಟೆ ಬಿಲ್ ಬರೆಯುತ್ತಿದ್ದ ಮ್ಯಾನೇಜರ್ ಆ ಹೊತ್ತು ಹೊರಗೆ ನಿಂತು ವ್ಯಾಪಾರ ನೋಡುತ್ತಾರೆ.

ನಾಲ್ಕನೆಯದನ್ನು ಯಾರೂ ಮಾರಲು ಬರುವುದಿಲ್ಲ, ಯಾಕೆಂದರೆ ಅದರಲ್ಲಿ ಲಾಭ ಕಡಿಮೆ. ಎಐ ಇಲ್ಲದ ಮಾಮೂಲಿ ಸಾಫ್ಟ್‌ವೇರ್. ಸಕ್ಕರೆ ಇಪ್ಪತ್ತು ಮೂಟೆಗಿಂತ ಕಡಿಮೆಯಾದರೆ ನೆನಪಿಸು, ಮೂವತ್ತು ದಿನ ದಾಟಿದ ಬಾಕಿ ತೋರಿಸು. ಇಂಥ ನಿಯಮಕ್ಕೆ ಬುದ್ಧಿ ಬೇಕಿಲ್ಲ, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತದೆ. ಎಐ ಬೇಕು ಎಂದು ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಇದೇ.

ಖರ್ಚಿನ ಬಗ್ಗೆ ಒಂದು ಮಾತು. ಚಾಟ್‌ಜಿಪಿಟಿ ಗೋ 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಗೆ ಬಂತು. ಅದನ್ನು ನೋಡಿ ಮ್ಯಾನೇಜರ್ ಸಂಬಳಕ್ಕೆ ಹೋಲಿಸಬೇಡಿ. ಅದು ನೀವು ಕೂತು ಕೇಳಿದಾಗ ಉತ್ತರ ಕೊಡುವುದಕ್ಕೆ. ದಿನವಿಡೀ ತಾನೇ ಮೇಲ್ ನೋಡಿ, ಸ್ಟಾಕ್ ನೋಡಿ, ಮೆಸೇಜ್ ಕಳಿಸುವ ವ್ಯವಸ್ಥೆಗೆ ಸಾಮಾನ್ಯವಾಗಿ ಕರೆಂಟ್ ಬಿಲ್‌ನಂತೆ ಬಳಸಿದಷ್ಟೂ ದುಡ್ಡು, ಜೊತೆಗೆ ಹೊಂದಿಸಿಕೊಡುವವರ ಫೀಸು. ಅದು ತಪ್ಪಿದಾಗ ಸರಿ ಮಾಡುವ ನಿಮ್ಮ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ.

ನಿಮ್ಮದು ಯಾವ ವ್ಯಾಪಾರ?

ಹೋಮ್‌ಸ್ಟೇಗೆ ಎರಡನೇ ದಾರಿ ಚೆನ್ನಾಗಿ ಒಗ್ಗುತ್ತದೆ. ಗೋಕುಲಂಗೆ ಯೋಗ ಕಲಿಯಲು ಬರುವವರು ತಮ್ಮ ಊರಿನ ಹಗಲಿನಲ್ಲಿ, ಅಂದರೆ ನಮ್ಮ ರಾತ್ರಿಯಲ್ಲಿ ಬರೆಯುತ್ತಾರೆ. ರೂಮು ಇದೆಯಾ, ಯೋಗಶಾಲೆಗೆ ಎಷ್ಟು ದೂರ, ಬೆಳಿಗ್ಗೆ ನಾಲ್ಕಕ್ಕೆ ಬಿಸಿನೀರು ಬರುತ್ತದಾ. ಇದಕ್ಕೆಲ್ಲ ಎಐ ಉತ್ತರ ಕೊಡಲಿ, ತಪ್ಪಿದರೆ ಬೆಳಿಗ್ಗೆ ತಿದ್ದಬಹುದು. ದಸರಾ ವಾರದ ಬೆಲೆ ಹಾಗಲ್ಲ. ತಿಂಗಳುಗಟ್ಟಲೆ ಮೊದಲೇ ಮಾಮೂಲಿ ಬೆಲೆಗೆ ರೂಮುಗಳನ್ನು ಮಾರಿಬಿಟ್ಟರೆ ಬುಕಿಂಗ್ ರದ್ದು ಮಾಡುವುದು ಕಷ್ಟ, ಮಾಡಿದರೆ ಹೆಸರೂ ಕೆಡುತ್ತದೆ. ಅಂಥ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಬೀಗ ಹಾಕಿ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಇನ್ನು ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು, ಎಲ್ಲರೂ ಸಿ ಫಾರಂ ಎನ್ನುವುದು ಅದನ್ನೇ. ಫಾರಂ ತುಂಬಲು ಎಐ ನೆರವಾಗಬಹುದು. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು, ಮುಖ ನೋಡಿ, ವೀಸಾ ದಿನಾಂಕ ನೋಡುವುದು ಮನುಷ್ಯರ ಕೆಲಸ. ಪೊಲೀಸರು ಬಂದರೆ ಕೇಳುವುದೂ ನಿಮ್ಮನ್ನೇ.

ದಿನಸಿ ಹೋಲ್‌ಸೇಲ್‌ಗೆ ನಾಲ್ಕನೆಯದು, ಮೇಲೆ ಒಂದು ಚಿಟಿಕೆ ಎರಡನೆಯದು. ಚೀಟಿಯಲ್ಲಿ ಬರೆದು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸುವ ಆರ್ಡರ್ ಓದಿ ಪಟ್ಟಿ ಮಾಡುವುದು, ಖರೀದಿ ಬಿಲ್ಲುಗಳನ್ನು, ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಸರ್ಕಾರಿ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ ಯಾವ ಸಪ್ಲೈಯರ್ ಬಿಲ್ ಹಾಕಿಲ್ಲ ಎಂದು ಹೇಳುವುದು, ಇಂಥದ್ದರಲ್ಲಿ ಎಐ ನಿಜವಾಗಿ ಹೊತ್ತು ಉಳಿಸುತ್ತದೆ. ಕೈಬರಹದ ಕನ್ನಡ ಅಂಕಿಗಳನ್ನು ತಪ್ಪು ಓದುವುದಿದೆ, ಹೀಗಾಗಿ ಮೂಟೆ ಎತ್ತುವ ಮೊದಲು ಪಟ್ಟಿಯನ್ನು ಗಿರಾಕಿಗೇ ವಾಪಸ್ ಕಳಿಸಿ ಹೌದು ಅನ್ನಿಸಿಕೊಳ್ಳಿ.

ಹೋಟೆಲ್‌ಗೆ ಮೂರನೆಯದು ಬಿಟ್ಟು ಬೇರೆ ಯೋಚಿಸಬೇಡಿ. ಭಟ್ಟರು ಬಂದಿಲ್ಲ, ಗ್ಯಾಸ್ ಮುಗಿದಿದೆ, ಹಿಟ್ಟು ಹುಳಿ ಜಾಸ್ತಿಯಾಗಿದೆ. ಇವು ಯಾವುವೂ ಕಂಪ್ಯೂಟರ್‌ಗೆ ಕಾಣುವುದಿಲ್ಲ. ಎಷ್ಟು ಅಕ್ಕಿ ನೆನೆಹಾಕಬೇಕು ಎಂಬ ಅಂದಾಜನ್ನು ಹಳೆಯ ಮಾರಾಟ ನೋಡಿ ಎಐ ಹೇಳಬಲ್ಲದು. ಆದರೆ ಅದಕ್ಕೆ ಗೊತ್ತಿರುವುದು ಹಳೆಯದು ಮಾತ್ರ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾರುಗಳು ಮದ್ದೂರಿನ ಒಳಗೆ ಬಾರದೆ ಬೈಪಾಸ್‌ನಲ್ಲೇ ಹೋಗತೊಡಗಿದ ಮೇಲೆ, ಹಳೇ ರಸ್ತೆಯ ಹೋಟೆಲ್ ಹಿಂದಿನ ವರ್ಷದ ಲೆಕ್ಕ ನೋಡಿ ವಡೆಗೆ ರವೆ ಕಲಸಿದ್ದರೆ ಏನಾಗುತ್ತಿತ್ತು ನೀವೇ ಹೇಳಿ. ಇದೇ ಬಗೆಯ ಅಂದಾಜು ನಂಬಿ ಅಮೆರಿಕದ ಝಿಲೋ ಕಂಪನಿ ಸಾವಿರಾರು ಮನೆ ಕೊಂಡು, 2021ರ ನವೆಂಬರ್‌ನಲ್ಲಿ ಆ ವ್ಯಾಪಾರವನ್ನೇ ಮುಚ್ಚಿತು. ಆ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕ ಒಂದರಲ್ಲೇ ಕೊಂಡ ಮನೆಗಳ ಮೌಲ್ಯದಲ್ಲಿ 30 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ ಬರೆದುಕೊಂಡಿತು. ಇಳಿದ ಮನೆಯ ಬೆಲೆಯನ್ನೂ ನೆನೆದ ಅಕ್ಕಿಯನ್ನೂ ಸಂಜೆಯೊಳಗೆ ವಾಪಸ್ ಪಡೆಯಲು ಆಗುವುದಿಲ್ಲ.

ಬೆಲ್ಲದ ಮಂಡಿಯವರಿಗೆ ಹೇಳುವುದು ಕಷ್ಟ. ಮೇಲ್ನೋಟಕ್ಕೆ ಎಐಗೆ ಹೇಳಿ ಮಾಡಿಸಿದ ಕೆಲಸ ಇದು, ದರ ದಿನಾ ಬದಲಾಗುತ್ತದೆ, ಹೊರ ರಾಜ್ಯದ ಬೇಡಿಕೆ ನೋಡಬೇಕು, ಅಚ್ಚು, ಬಕೆಟ್, ಕುರಿಕಾಲಚ್ಚು ಎಂದು ಬಗೆಬಗೆ. ದರದ ಸುದ್ದಿ ಕೂಡಿಹಾಕಲು, ಪಟ್ಟಿ ಬರೆಯಲು ಅದು ಸರಿ. ಆದರೆ ಮಂಡಿ ನಡೆಯುವುದು ಆಲೆಮನೆಯವರಿಗೆ ಕೊಟ್ಟ ಮುಂಗಡದ ಮೇಲೆ. ಯಾರಿಗೆ ಇನ್ನೊಂದು ಸೀಜನ್ ತಾಳಬೇಕು, ಯಾರಿಗೆ ಈ ವಾರವೇ ಹೇಳಿ ಕಳಿಸಬೇಕು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ. ಮನೆಯಲ್ಲಿ ಮದುವೆಯಾಗಿದೆ, ಬೋರ್‌ವೆಲ್ ಬತ್ತಿದೆ, ಕಬ್ಬು ಕಾರ್ಖಾನೆಗೆ ಹೋಗಿದೆ. ಎಐಗೆ ಕಾಣುವುದು ಬಾಕಿ ಎಷ್ಟು ದಿನ ಹಳೆಯದು ಅನ್ನುವುದೊಂದೇ. ಒಂದು ಒರಟು ನೋಟಿಸ್ ತಾನಾಗಿ ಹೋದರೆ ಆ ಆಲೆಮನೆಯ ಬೆಲ್ಲ ಮರುದಿನ ಪಕ್ಕದ ಮಂಡಿಯಲ್ಲಿ ಇಳಿಯುತ್ತದೆ. ಮುಂಗಡ, ಬಾಕಿ ಎರಡನ್ನೂ ಎಐನಿಂದ ದೂರವೇ ಇಡಿ.

ಪಿಜಿ ನಡೆಸುವವರಿಗೆ ಬಾಡಿಗೆ ನೆನಪಿಸುವುದು, ದೂರು ಬರೆದಿಡುವುದು ಎಐ ಮಾಡಲಿ. ರಾತ್ರಿ ಬಾಗಿಲು ಬಡಿದರೆ ತೆಗೆಯಲು ವಾರ್ಡನ್ ಇರಲೇಬೇಕು.

ಶುರು ಮಾಡುವುದಾದರೆ

ಗಿರಾಕಿ ಜೊತೆ ಮಾತಾಡುವ ಎಐಗೆ ಬೆಲೆ ಇಳಿಸುವ ಅಧಿಕಾರ ಕೊಡಬೇಡಿ. ಪತ್ರಕರ್ತರು ಮಾಡಿದ ಹಾಗೆ, ನಿಮ್ಮ ಓನರ್ ಹೇಳಿದ್ದಾರೆ ಎಂದು ಯಾರಾದರೂ ಬರೆದರೆ ಅದು ನಂಬಬಹುದು. ಮಾತು ಒಂದರ ಕೈಗೆ, ಬೆಲೆಪಟ್ಟಿ ಇನ್ನೊಂದು ಕಡೆ, ಪಟ್ಟಿ ಬದಲಿಸುವುದು ನೀವು. ಖರೀದಿಗೆ ದುಡ್ಡು ಕೊಡುವುದಾದರೆ ಬೇರೆಯೇ ಒಂದು ಕರೆಂಟ್ ಅಕೌಂಟ್ ತೆಗೆದು, ಹೋದರೂ ಪರವಾಗಿಲ್ಲ ಎನ್ನುವಷ್ಟು ಮಾತ್ರ ಇಡಿ. ಮುಖ್ಯ ಖಾತೆಯ ಪಿನ್, ಓಟಿಪಿ ಯಾವುದನ್ನೂ ಅದರ ಹತ್ತಿರ ಸುಳಿಸಬೇಡಿ.

ಹೊಂದಿಸಿಕೊಡಲು ಬರುವವರನ್ನು ಮೂರು ವಿಷಯ ಕೇಳಿ. ಅದು ಮಾಡಿದ ಪ್ರತಿ ತೀರ್ಮಾನ, ಕಾರಣದ ಜೊತೆ, ಎಲ್ಲಿ ದಾಖಲಾಗುತ್ತದೆ? ಒಂದು ಗುಂಡಿ ಒತ್ತಿ ನಿಲ್ಲಿಸಿದರೆ ಆ ದಿನದ ವ್ಯಾಪಾರ ಕೈಯಲ್ಲಿ ನಡೆಸಲು ಆಗುತ್ತದಾ? ನಾಳೆ ನಿಮ್ಮನ್ನು ಬಿಟ್ಟರೆ ನನ್ನ ಗಿರಾಕಿಗಳ ಪಟ್ಟಿ, ಲೆಕ್ಕ ಯಾವ ರೂಪದಲ್ಲಿ ವಾಪಸ್ ಬರುತ್ತದೆ? ಮೂರನೆಯದಕ್ಕೆ ಮಾತು ತಿರುಗಿಸಿದರೆ ಚಹಾ ಕೊಟ್ಟು ಕಳಿಸಿ.

ಮ್ಯಾನೇಜರನ್ನು ಬಿಡಿಸಿಯೇ ತೀರುತ್ತೇನೆ ಎನ್ನುವವರು ಒಂದು ದಸರಾ ಕಳೆಯುವವರೆಗೆ ಬಿಡಿಸಬೇಡಿ. ಅಲ್ಲಿಯವರೆಗೆ ಎಐ ತನ್ನ ತೀರ್ಮಾನವನ್ನು ಬರೆದಿಡಲಿ, ಜಾರಿಗೆ ತರುವುದು ಬೇಡ. ಮ್ಯಾನೇಜರ್ ಎಂದಿನಂತೆ ತಮ್ಮ ಕೆಲಸ ಮಾಡಲಿ. ವಾರಕ್ಕೊಮ್ಮೆ ಎರಡನ್ನೂ ಪಕ್ಕದಲ್ಲಿಟ್ಟು, ಎಲ್ಲಿ ಬೇರೆಯಾಯಿತು, ಯಾರು ಹೇಳಿದ್ದು ಸರಿಯಾಯಿತು ಎಂದು ಬರೆದುಕೊಳ್ಳಿ. ಈ ವಿಷಯ ಮ್ಯಾನೇಜರ್‌ಗೆ ಮೊದಲೇ ತಿಳಿಸಿ, ಬಚ್ಚಿಟ್ಟರೆ ಸಣ್ಣ ಊರಿನಲ್ಲಿ ಎರಡೇ ದಿನಕ್ಕೆ ಗೊತ್ತಾಗುತ್ತದೆ, ಆಮೇಲೆ ಅವರು ದಸರಾದವರೆಗೆ ನಿಲ್ಲುವುದಿಲ್ಲ.